ತಿಳಿಯಾಗಲು ಬೇಕಾದ ಜಾಗ

“ಚಿನ್ನ ತೆಗೆಯೋದಕ್ಕೆ ಜಾಗದ ಹಕ್ಕು ಬೇಕು, ಅದು ಗೊತ್ತು. ನೀರಿಗೂ ಬೇರೆ ಲೈಸೆನ್ಸ್ ಮಾಡಿಸ್ಬೇಕಾ?”

“ಮಾಡಿಸ್ಲೇಬೇಕು ದೊಡ್ಡಪ್ಪ. ಯೂಕಾನ್ ಜಲ ಮಂಡಳಿ ಒಪ್ಪದೆ ಹಳ್ಳದಿಂದ ನೀರೆತ್ತೋ ಹಾಗಿಲ್ಲ, ಮಣ್ಣು ತೊಳೆದ ನೀರನ್ನ ಹಳ್ಳಕ್ಕೆ ಬಿಡೋ ಹಾಗೂ ಇಲ್ಲ. ಎಷ್ಟು ನೀರು, ಕೊಳ ಎಲ್ಲಿ, ಏರಿ ಎಷ್ಟು ಎತ್ತರ, ಎಲ್ಲಾ ಮೊದಲೇ ಬರೆದು ಕೊಡ್ಬೇಕು. ನನ್ನ ಕೆಲಸಾನೇ ಅದು.”

ಮಾತು ನಡೆದದ್ದು ಕೆನಡಾದ ವಾಯವ್ಯ ಮೂಲೆಯ ಯೂಕಾನ್‌ನಲ್ಲಿ, ಡಾಸನ್ ಪಟ್ಟಣದ ಹತ್ತಿರದ ಒಂದು ಕಣಿವೆಯಲ್ಲಿ. ಆಕೆ ಗಣಿಗಳ ನೀರಿನ ವ್ಯವಸ್ಥೆ ನೋಡಿಕೊಳ್ಳುವ ಎಂಜಿನಿಯರ್. ಬೇಸಿಗೆ ಕಳೆಯಲು ಬಂದಿದ್ದ ಆಕೆಯ ದೊಡ್ಡಪ್ಪ ಕೋಲಾರದ ಚಿನ್ನದ ಗಣಿಯ ಮಿಲ್ಲಿನಲ್ಲಿ ದುಡಿದು, 2001ರಲ್ಲಿ ಗಣಿ ಮುಚ್ಚಿದಾಗ ಮನೆಗೆ ಮರಳಿದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳದಿಂದ ಬೆಣಚುಕಲ್ಲು ತಂದು, ಅರೆದು, ಸಯನೈಡ್ ಹಾಕಿ ಚಿನ್ನ ಬಿಡಿಸುವುದನ್ನು ಕಂಡವರಿಗೆ ಇಲ್ಲಿಯ ಕೆಲಸ ಮೊದಲಿಗೆ ತೀರಾ ಸುಲಭವೆನಿಸಿತ್ತು. ಹಳ್ಳದ ಪಾತಳಿಯ ಜಲ್ಲಿ ಅಗೆಯುವುದು, ತೊಳೆಯುವುದು, ತಳದಲ್ಲಿ ನಿಂತ ಚಿನ್ನ ಆರಿಸುವುದು. ಬಂಡೆಯ ಒಡಲಿನಿಂದ ಚಿನ್ನವನ್ನು ಬಿಡಿಸುವ ಕೆಲಸವನ್ನು ಲಕ್ಷಾಂತರ ವರ್ಷಗಳ ಮಳೆ, ಹಿಮ, ಹೊಳೆಗಳೇ ಮಾಡಿ ಮುಗಿಸಿವೆ.

1896ರ ಆಗಸ್ಟ್‌ನಲ್ಲಿ ಕೀಶ್, ಡಾಸನ್ ಚಾರ್ಲಿ, ಜಾರ್ಜ್ ಕಾರ್ಮ್ಯಾಕ್ ಇದ್ದ ತಂಡಕ್ಕೆ ರ‍್ಯಾಬಿಟ್ ಕ್ರೀಕ್‌ನಲ್ಲಿ ಚಿನ್ನ ಕಂಡದ್ದೇ ತಡ, ಆ ಹಳ್ಳ ಬೊನಾನ್ಜಾ ಆಯಿತು, ಜಗತ್ತಿನ ಮೂಲೆಮೂಲೆಯಿಂದ ಜನ ಕ್ಲೊಂಡೈಕ್‌ಗೆ ನುಗ್ಗಿದರು. ನೂಕುನುಗ್ಗಲು ಎಂದೋ ಅಡಗಿದೆ. ಗಣಿಗಾರಿಕೆ ಮಾತ್ರ ನಿಂತಿಲ್ಲ. ಇಂದು ಇಲ್ಲಿ ದುಡಿಯುವವು ಹೆಚ್ಚಾಗಿ ಸಣ್ಣಪುಟ್ಟ ಕುಟುಂಬಗಳ ಗಣಿಗಳು: ಒಂದೆರಡು ಬುಲ್ಡೋಜರ್, ಒಂದು ಎಕ್ಸ್‌ಕವೇಟರ್, ತೊಳೆಯುವ ಯಂತ್ರ, ಪಂಪು.

“ನಮ್ಮ ಕಡೆ ಜಾಲಗಾರರೂ ಹೀಗೇ ಹಳ್ಳದ ಮಣ್ಣು ತೊಳೀತಿದ್ರು,” ಎಂದರು ಹಿರಿಯರು. “ಕಪ್ಪತಗುಡ್ಡದ ಸುತ್ತಮುತ್ತ. ನಮ್ಮ ಕೋಲಾರದಲ್ಲೂ 1802ರಲ್ಲಿ ವಾರನ್ ಅನ್ನೋ ಲೆಫ್ಟಿನೆಂಟು ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯೋದನ್ನ ಕಣ್ಣಾರೆ ನೋಡಿದ. ಗಣಿ ಕಥೆ ಶುರುವಾಗಿದ್ದೇ ಅಲ್ಲಿಂದ. ಅವರಿಗೆ ಯಾರೂ ಕೊಳ ತೋಡಿ ಅಂದಿರಲಿಲ್ಲ.”

“ಮರಿಗೆ ಹಿಡಿದು ಕೂತವರು ದಿನಕ್ಕೆ ಎಷ್ಟು ಮಣ್ಣು ತೊಳೆಯೋಕಾಗುತ್ತೆ? ಅಷ್ಟು ರಾಡೀನ ಹಳ್ಳ ತಡ್ಕೊಳ್ಳತ್ತೆ. ಆ ಯಂತ್ರ ನೋಡಿ, ಗಂಟೆಗೆ ನೂರು ಘನ ಮೀಟರ್ ಜಲ್ಲಿ ನುಂಗುತ್ತೆ.”

ಯಂತ್ರದ ಕೆಲಸ ನೋಡಲು ಸರಳ. ಜಾಲರಿಯಂಥ ರಂಧ್ರಗಳಿರುವ ದೊಡ್ಡ ಉಕ್ಕಿನ ಪೀಪಾಯಿ ತಿರುಗುತ್ತದೆ. ಒಳಗೆ ನೀರು ರಭಸದಿಂದ ಬಡಿಯುತ್ತದೆ. ದಪ್ಪ ಕಲ್ಲುಗಳು ಆಚೆ ಉರುಳುತ್ತವೆ. ಸಣ್ಣ ಜಲ್ಲಿ, ಮರಳು, ಜೇಡಿ ನೀರಿನ ಜೊತೆ ಇಳಿಜಾರಿನ ತೊಟ್ಟಿಗೆ ಬೀಳುತ್ತವೆ. ಆ ತೊಟ್ಟಿಯ ಹೆಸರು ಸ್ಲೂಸ್ ಬಾಕ್ಸ್. ತಳದಲ್ಲಿ ಒರಟು ಚಾಪೆ, ಅದರ ಮೇಲೆ ಅಡ್ಡಪಟ್ಟಿ. ಚಿನ್ನ ನೀರಿಗಿಂತ 19.3 ಪಟ್ಟು ತೂಕ, ಬೆಣಚುಕಲ್ಲು 2.65 ಪಟ್ಟು. ನೀರಿನ ಓಟಕ್ಕೆ ಕಲ್ಲು ಸಾಗಿ ಹೋಗುತ್ತದೆ, ಚಿನ್ನ ಪಟ್ಟಿಯ ಹಿಂದೆ ಕೂತು ಚಾಪೆಗೆ ಅಂಟುತ್ತದೆ. ರಾಸಾಯನಿಕ ಬೇಕಿಲ್ಲ. ಕೊನೆಗೆ ಉಳಿಯುವುದು ಕಾಫಿ ಬಣ್ಣದ ನೀರು, ಸೆಕೆಂಡಿಗೆ ನೂರು ಲೀಟರ್ ಲೆಕ್ಕದಲ್ಲಿ.

“ವಿಷ ಇಲ್ಲವಲ್ಲ. ಬರೀ ಮಣ್ಣು ನೀರು. ಹಳ್ಳದ್ದೇ ಮಣ್ಣು, ಹಳ್ಳದ್ದೇ ನೀರು. ಅದಕ್ಕೆ ಇಷ್ಟು ಕಟ್ಟುನಿಟ್ಟು ಯಾಕೆ?”

ಈ ಪ್ರಶ್ನೆಯನ್ನು ಗಣಿಯವರೂ ತಲೆಮಾರುಗಳಿಂದ ಕೇಳುತ್ತ ಬಂದಿದ್ದಾರೆ. ಆಕೆ ಉತ್ತರವನ್ನು ಮೀನಿನಿಂದ ಶುರುಮಾಡಿದಳು. ಸಾಲ್ಮನ್ ಮೀನು ಮೊಟ್ಟೆ ಇಡುವುದು ಹೊಳೆಯ ತಳದ ಜಲ್ಲಿಯೊಳಗೆ. ಕಲ್ಲುಗಳ ಸಂದಿಯಲ್ಲಿ ನೀರು ಹರಿದಾಡಿದರಷ್ಟೇ ಮೊಟ್ಟೆಗೆ ಆಮ್ಲಜನಕ. ನವಿರಾದ ಹೂಳು ಆ ಸಂದಿಗಳನ್ನು ತುಂಬಿದರೆ ಮೊಟ್ಟೆ ಇದ್ದಲ್ಲೇ ಉಸಿರುಗಟ್ಟುತ್ತದೆ. ಇಲ್ಲಿಯ ಇನ್ನೊಂದು ಮೀನು ಗ್ರೇಲಿಂಗ್. ಅದು ಕಣ್ಣಿನಿಂದ ನೋಡಿ ಹುಳ ಹಿಡಿಯುವ ಜಾತಿ. ನೀರು ಬಗ್ಗಡವಾದರೆ ಅದಕ್ಕೆ ಊಟವಿಲ್ಲ. ಯೂಕಾನ್ ನದಿಯ ಚಿನೂಕ್ ಸಾಲ್ಮನ್ ಎಷ್ಟು ಇಳಿದುಹೋಗಿದೆಯೆಂದರೆ, 2024ರಲ್ಲಿ ಅಮೆರಿಕ ಮತ್ತು ಕೆನಡಾ ಸೇರಿ ಏಳು ವರ್ಷ ಅದನ್ನು ಹಿಡಿಯಬಾರದೆಂದು ಒಪ್ಪಂದ ಮಾಡಿಕೊಂಡವು. ಆ ಕುಸಿತಕ್ಕೆ ಕಡಲಿನ ಬದಲಾವಣೆ, ಬಿಸಿಯಾಗುತ್ತಿರುವ ನೀರು, ಹೀಗೆ ಹಲವು ಕಾರಣಗಳನ್ನು ಹೇಳುತ್ತಾರೆ. ಗಣಿಯೊಂದರ ಮೇಲೆಯೇ ಹೊರೆ ಹೊರಿಸುವುದು ನ್ಯಾಯವಲ್ಲ. ಆದರೆ ಬೇರೆ ಹೊಡೆತಗಳಿಂದ ತತ್ತರಿಸಿರುವ ಮೀನಿಗೆ ಮೊಟ್ಟೆ ಇಡುವ ಜಾಗವಾದರೂ ಚೊಕ್ಕಟವಾಗಿರಬೇಕು.

“ಕ್ಯಾಲಿಫೋರ್ನಿಯಾದ ಕಥೆ ಕೇಳಿ ದೊಡ್ಡಪ್ಪ. ಅಲ್ಲೂ ಬರೀ ಮಣ್ಣು ನೀರೇ.”

1853ರಲ್ಲಿ ಅಲ್ಲಿ ಗುಡ್ಡಕ್ಕೆ ನೀರಿನ ಫಿರಂಗಿ ಹೊಡೆದು ಇಡೀ ಇಳಿಜಾರನ್ನೇ ಕರಗಿಸುವ ಪದ್ಧತಿ ಹುಟ್ಟಿತು. ಕೊಚ್ಚಿಹೋದ ಮಣ್ಣು ಯೂಬಾ ನದಿಗೆ, ಅಲ್ಲಿಂದ ಕೆಳಗೆ. ನದಿಯ ಪಾತಳಿ ಏರುತ್ತ ಹೋಯಿತು. ಮೇರಿಸ್‌ವಿಲ್ ಪಟ್ಟಣದವರು ಏರಿಯ ಮೇಲೆ ಏರಿ ಕಟ್ಟಿಕೊಂಡು ಕೊನೆಗೆ ನದಿಗಿಂತ ತಗ್ಗಿನಲ್ಲಿ ಬದುಕಬೇಕಾಯಿತು. ಹೊಲ, ತೋಟಗಳ ಮೇಲೆ ಜಲ್ಲಿ ಹರಡಿತು. 1884ರ ಜನವರಿ 7ರಂದು ನ್ಯಾಯಾಧೀಶ ಲೊರೆಂಜೊ ಸಾಯರ್ ಗಣಿ ಕಂಪನಿಗಳು ಹೂಳನ್ನು ನದಿಗೆ ಬಿಡಬಾರದೆಂದು ತೀರ್ಪು ಕೊಟ್ಟರು. ಮುಂದೆ ಭೂವಿಜ್ಞಾನಿ ಗಿಲ್ಬರ್ಟ್ 1917ರಲ್ಲಿ ಪ್ರಕಟಿಸಿದ ವರದಿಯಲ್ಲಿ ಆ ಗಣಿಗಳು ಕೆಡವಿದ ಮಣ್ಣಿನ ಲೆಕ್ಕ ನೂರು ಕೋಟಿ ಘನ ಮೀಟರ್ ದಾಟಿತ್ತು. ಚಿನ್ನ ಹಿಡಿಯಲು ಬಳಸಿದ ಪಾದರಸ ಆ ಹೂಳಿನ ಜೊತೆ ಇಂದಿಗೂ ಕೆಳಗಿಳಿಯುತ್ತಿದೆ. ಗುಡ್ಡ ಕರಗಿಸುವುದೇ ಅಪರಾಧವೆಂದು ತೀರ್ಪು ಹೇಳಲಿಲ್ಲ. ಮಣ್ಣನ್ನು ಹಿಡಿದಿಡುವ ಜವಾಬ್ದಾರಿ ತೊಳೆದವನದೇ ಎಂದಿತು. ಈಗಿನ ಕೊಳಗಳ ಹಿಂದೆ ಇರುವುದೂ ಅದೇ ನ್ಯಾಯ.

ಹಳೆಯ ಕಾಲದ ಮಾತು ಎನ್ನುವ ಹಾಗೂ ಇಲ್ಲ. ಘಾನಾದ ಪ್ರಾ ನದಿಯಲ್ಲಿ ಅಕ್ರಮ ಚಿನ್ನ ತೊಳೆಯುವಿಕೆಯಿಂದ ರಾಡಿ ಎಷ್ಟಾಯಿತೆಂದರೆ, 2024ರ ಆಗಸ್ಟ್‌ನಲ್ಲಿ ಕರಾವಳಿಯ ಊರುಗಳಿಗೆ ನೀರು ಕೊಡುವ ಶುದ್ಧೀಕರಣ ಘಟಕ ತನ್ನ ಕೆಲಸವನ್ನೇ ತಗ್ಗಿಸಬೇಕಾಯಿತು. ಬಗ್ಗಡದ ಅಳತೆಯಾದ ಎನ್‌ಟಿಯುವಿನಲ್ಲಿ 2,000 ತಡೆಯಲು ಕಟ್ಟಿದ ಘಟಕಕ್ಕೆ 14,000 ಬಂದು ನುಗ್ಗಿತ್ತು. ಮೇಲೆ ಕೊಳವಿಲ್ಲದ ಕಡೆ ಕೆಳಗಿನವರ ನಲ್ಲಿ ಒಣಗುತ್ತದೆ.

ಇಬ್ಬರೂ ಕೊಳದ ಕಡೆ ನಡೆದರು. ಮೊದಲ ಕೊಳ ಚಿಕ್ಕದು. ತೊಳೆದ ನೀರು ಅದಕ್ಕೆ ಬೀಳುವಲ್ಲಿ ಮರಳು ಬೀಸಣಿಗೆಯಂತೆ ಹರಡಿ ನಿಂತಿತ್ತು. ಎಕ್ಸ್‌ಕವೇಟರ್ ಅದನ್ನು ಗೋರಿ ದಂಡೆಗೆ ಹಾಕುತ್ತಿತ್ತು. ಮುಂದಿನದು ದೊಡ್ಡ ಕೊಳ.

“ಇಷ್ಟಗಲ ಯಾಕೆ? ಆಳ ತೋಡಿದ್ರೆ ಜಾಗ ಉಳೀತಿತ್ತಲ್ಲ.”

“ಎಲ್ಲರಿಗೂ ಹಾಗೇ ಅನ್ಸತ್ತೆ. ಆದ್ರೆ ಮಣ್ಣು ತಿಳಿಯಾಗೋದಕ್ಕೆ ಬೇಕಾಗಿರೋದು ಅಗಲ, ಆಳ ಅಲ್ಲ. ಆಳ ಎರಡು ಪಟ್ಟು ಮಾಡಿದ್ರೆ ನೀರು ನಿಲ್ಲೋ ಹೊತ್ತು ಎರಡು ಪಟ್ಟಾಗತ್ತೆ, ಸರಿ. ಕಣ ಬೀಳ್ಬೇಕಾದ ದೂರಾನೂ ಎರಡು ಪಟ್ಟಾಯ್ತಲ್ಲ. ಗೆದ್ದಿದ್ದೇನು?”

ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ ತಲೆಯಾಡಿಸಿದರು. ಮಿಲ್ಲಿನಲ್ಲಿ ಕೆಸರು ಇಳಿಸುವ ಥಿಕ್ನರ್ ತೊಟ್ಟಿಗಳೂ ಅಗಲವಾಗಿಯೇ ಇದ್ದವು.

ಲೆಕ್ಕ ಹೀಗೆ. ಕಣ ಮುಳುಗುವ ವೇಗ ಅದರ ಗಾತ್ರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ: ಗಾತ್ರ ಹತ್ತರಲ್ಲೊಂದಾದರೆ ವೇಗ ನೂರರಲ್ಲೊಂದು. ಹತ್ತು ಡಿಗ್ರಿ ತಣ್ಣನೆಯ ನೀರಿನಲ್ಲಿ 0.1 ಮಿಲಿಮೀಟರಿನ ಮರಳುಕಣ ಒಂದು ಮೀಟರ್ ಇಳಿಯಲು ಎರಡೂವರೆ ನಿಮಿಷ ಸಾಕು. 10 ಮೈಕ್ರಾನಿನ, ಅಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಕಣಕ್ಕೆ ನಾಲ್ಕು ಗಂಟೆ. 2 ಮೈಕ್ರಾನಿನ ಜೇಡಿಗೆ ನಾಲ್ಕು ದಿನಕ್ಕೂ ಮೇಲೆ, ಅದೂ ನೀರು ಅಲುಗದೆ ನಿಂತರೆ. ನೀರು ಇನ್ನೂ ತಣ್ಣಗಾದಷ್ಟೂ ಮಂದವಾಗುತ್ತದೆ, ಕಣ ಇನ್ನೂ ನಿಧಾನ.

ಸೆಕೆಂಡಿಗೆ ನೂರು ಲೀಟರ್ ಹರಿಯುವ ಕಡೆ 10 ಮೈಕ್ರಾನಿನ ಕಣವನ್ನು ಹಿಡಿಯಲು ಸುಮಾರು ಹದಿನಾಲ್ಕೂವರೆ ಗುಂಟೆ ಅಗಲದ ಕೊಳ ಬೇಕು. 5 ಮೈಕ್ರಾನಿಗೆ ಒಂದೂವರೆ ಎಕರೆಯ ಹತ್ತಿರ. 2 ಮೈಕ್ರಾನಿಗೆ ಒಂಬತ್ತು ಎಕರೆ. ಇದು ಕಾಗದದ ಮೇಲಿನ ಲೆಕ್ಕ. ಗಾಳಿ, ಅಲೆ, ಸುಳಿಗಳಿರುವ ನಿಜವಾದ ಕೊಳಕ್ಕೆ ಇನ್ನೂ ಹೆಚ್ಚೇ ಬೇಕು. ಇಕ್ಕಟ್ಟಾದ ಕಣಿವೆಯಲ್ಲಿ ಒಂಬತ್ತು ಎಕರೆ ಎಲ್ಲಿಂದ ತರುವುದು?

“ಅಂದ್ರೆ ಆಳ ಬೇಡವೇ ಬೇಡ ಅಂತೀಯಾ?”

“ಬೇಕು. ಹೂಳು ಕೂಡಿಡೋದಕ್ಕೆ. ಗಂಟೆಗೆ ನೂರು ಘನ ಮೀಟರ್ ಜಲ್ಲಿಯಲ್ಲಿ ಹತ್ತರಲ್ಲೊಂದು ಪಾಲು ನವಿರು ಮಣ್ಣು ಅಂತಿಟ್ಕೊಳ್ಳಿ. ದಿನಕ್ಕೆ ಹತ್ತು ಗಂಟೆ, ಋತುವಿಗೆ ನೂರು ದಿನ. ಹತ್ತು ಸಾವಿರ ಘನ ಮೀಟರ್ ಆಯ್ತು. ಒಂದೂವರೆ ಎಕರೆ ಕೊಳದಲ್ಲಿ ಆಳುದ್ದ ಹೂಳು. ಕೊಳ ತುಂಬಿದ ಮೇಲೆ ನೀರು ಹೂಳಿನ ಮೇಲೆ ಜಾರಿ ನೇರ ಕೋಡಿಗೆ ಹೋಗತ್ತೆ. ಜುಲೈನಲ್ಲಿ ಚೆನ್ನಾಗಿದ್ದ ಕೊಳ ಸೆಪ್ಟೆಂಬರ್‌ನಲ್ಲಿ ಕೈಕೊಡೋದು ಹೀಗೆ.”

ಕೊಳ ಕೈಕೊಡಲು ಇನ್ನೊಂದು ದಾರಿಯೂ ಇದೆ, ಅದು ಕಣ್ಣಿಗೆ ಬೀಳುವುದಿಲ್ಲ. ನೀರು ಬರುವ ಬಾಯಿಯೂ ಹೊರಹೋಗುವ ಕೋಡಿಯೂ ಎದುರುಬದುರಿದ್ದರೆ ನಡುವೆ ಒಂದು ಕಾಲುದಾರಿ ಬೀಳುತ್ತದೆ. ಕೊಳದ ಮುಕ್ಕಾಲು ಪಾಲು ಸುಮ್ಮನೆ ನಿಂತ ನೀರು. ಆಕೆ ಈ ಕೊಳದ ಬಾಯಿಗೆ ಬಣ್ಣ ಸುರಿದು ನೋಡಿದ್ದಳು. ಲೆಕ್ಕದ ಪ್ರಕಾರ ನೀರು ಒಂದು ಹಗಲು, ಒಂದು ರಾತ್ರಿ ನಿಲ್ಲಬೇಕಿತ್ತು; ಬೆಳಿಗ್ಗೆ ಸುರಿದ ಬಣ್ಣ ಮಧ್ಯಾಹ್ನದೊಳಗೇ ಕೋಡಿಯಲ್ಲಿ ಕಾಣಿಸಿತು. ಆಮೇಲೆ ಜಲ್ಲಿಯಿಂದ ಅಡ್ಡ ಏರಿಯೊಂದನ್ನು ಹಾಕಿಸಿ ನೀರು ಬಳಸಿಕೊಂಡು ಹೋಗುವಂತೆ ಮಾಡಿಸಿದಳು. ಒಳಹರಿವನ್ನು ಒಂದೇ ಕಡೆ ಸುರಿಯದೆ ಕಲ್ಲುಹಾಸಿನ ಮೇಲೆ ಅಗಲಕ್ಕೆ ಹರಡಿಸಿದಳು. ಒಂದು ಗುಂಟೆ ಹೊಸ ಜಾಗ ಕೇಳದೆ ಕೊಳ ಸುಧಾರಿಸಿತು. ಇಂಥ ಕೆಲಸಕ್ಕೆ ಫೋಟೊದಲ್ಲಿ ಬೆಲೆಯಿಲ್ಲ, ಹಳ್ಳದ ಪಾಲಿಗೆ ಮಾತ್ರ ಬಹಳ ಬೆಲೆ.

ಕೋಡಿಯ ಪಕ್ಕದ ಹಲಗೆಯ ಮೇಲೆ ಪಾರದರ್ಶಕ ಶಂಕುವೊಂದು ತಲೆಕೆಳಗಾಗಿ ಸ್ಟ್ಯಾಂಡಿನಲ್ಲಿ ನಿಂತಿತ್ತು. ಇಮ್‌ಹಾಫ್ ಶಂಕು. ಅದಕ್ಕೆ ಕೋಡಿಯ ನೀರು ಒಂದು ಲೀಟರ್ ತುಂಬಬೇಕು, ನಲವತ್ತೈದು ನಿಮಿಷ ಬಿಡಬೇಕು. ಗೋಡೆಗೆ ಅಂಟಿದ ಕಣ ಇಳಿಯಲೆಂದು ಕಡ್ಡಿಯಿಂದ ಒಳಬದಿಯನ್ನು ಮೆಲ್ಲಗೆ ಸವರಬೇಕು, ಮತ್ತೆ ಹದಿನೈದು ನಿಮಿಷ ಕಾಯಬೇಕು. ತುದಿಯಲ್ಲಿ ಕೂತ ಕೆಸರಿನ ಗೆರೆ ಎಷ್ಟು ಮಿಲಿಲೀಟರಿಗೆ ಮುಟ್ಟಿದೆ ಎಂದು ಓದಬೇಕು. ಪಕ್ಕದ ಅಲಾಸ್ಕಾದ ಗಣಿಗಳಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1988ರಲ್ಲಿ ಗೊತ್ತುಮಾಡಿದ ಮಿತಿ ಲೀಟರಿಗೆ 0.2 ಮಿಲಿಲೀಟರ್. ಯೂಕಾನ್‌ನಲ್ಲಿ 1993ರಿಂದ ಹೊಳೆಗಳನ್ನು ದರ್ಜೆಗಳಾಗಿ ವಿಂಗಡಿಸಿದ್ದರು. 2008ರ ಹೊಸ ವ್ಯವಸ್ಥೆ ಬಂದಮೇಲೆ ಮೀನಿನ ನೆಲೆಯಾಗಿ ಹಳ್ಳದ ಬೆಲೆ ಎಷ್ಟೆಂದು ನೋಡಿ, ಅದಕ್ಕೆ ತಕ್ಕಂತೆ ಮಿತಿ ಬಿಗಿಯಾಗುತ್ತದೆ, ಸಡಿಲವಾಗುತ್ತದೆ.

ಹಿರಿಯರು ಬಗ್ಗಿ ನೋಡಿದರು. ತುದಿಯಲ್ಲಿ ಉಗುರಿನ ಅಂಚಿನಷ್ಟು ಕೆಸರು. ಮೇಲಿನ ನೀರು ಮಾತ್ರ ಹಾಲು ಬೆರೆಸಿದಂತೆ ಮಸುಕು.

“ಪಾಸಾಯ್ತಾ?”

“ಶಂಕುವಿನ ಮಟ್ಟಿಗೆ ಪಾಸು. ಆದ್ರೆ ನನಗೆ ಸಮಾಧಾನ ಇಲ್ಲ. ಈ ಶಂಕುವಿನಲ್ಲಿ ಒಂದು ಗಂಟೇಲಿ ಮೇಲಿಂದ ಕೆಳಗಿನ ತನಕ ಇಳಿಯೋದು ಸುಮಾರು ಹನ್ನೆರಡು ಮೈಕ್ರಾನಿಗಿಂತ ದಪ್ಪ ಕಣ. ಅದಕ್ಕಿಂತ ನವಿರಾದ ಹೆಚ್ಚಿನ ಕಣ ಇದರ ಕಣ್ಣಿಗೆ ಬೀಳೋದೇ ಇಲ್ಲ. ಗ್ರೇಲಿಂಗ್ ಕಣ್ಣಿಗೆ ಪರದೆ ಕಟ್ಟೋದು ಅದೇ.”

“ನಮ್ಮ ಮಿಲ್ಲಿನಲ್ಲಿ ಸುಣ್ಣ ಹಾಕ್ತಿದ್ವಿ, ಬೇಗ ಇಳೀತಿತ್ತು.”

“ಸುಣ್ಣ ಹಾಕಿದ್ರೆ ನೀರಿನ ಕ್ಷಾರ ಏರತ್ತೆ, ಹಳ್ಳಕ್ಕೆ ಬಿಡೋ ನೀರಿಗೆ ಅದು ಆಗಲ್ಲ.”

“ಪಟಿಕ? ಅಜ್ಜಿ ಮಳೆಗಾಲದಲ್ಲಿ ಕೆರೆ ನೀರಿಗೆ ಪಟಿಕ ಉಜ್ಜಿ ಇಡ್ತಿದ್ದಳು, ಬೆಳಿಗ್ಗೆ ಕನ್ನಡಿ ಥರ ಇರೋದು.”

“ತತ್ವ ಅದೇ. ಜೇಡಿ ಕಣಗಳ ಮೇಲೆ ಋಣ ವಿದ್ಯುತ್ತು ಇರತ್ತೆ, ಒಂದನ್ನೊಂದು ತಳ್ತಾ ತೇಲ್ತಾವೆ. ಪಟಿಕ ಆ ತಳ್ಳಾಟ ನಿಲ್ಲಿಸತ್ತೆ, ಕಣಗಳು ಗಂಟು ಕಟ್ಟಿ ಇಳೀತವೆ. ಪಾಲಿಮರ್‌ಗಳೂ ಇವೆ. ಆದ್ರೆ ಕೊಡದ ನೀರಲ್ಲ ಇದು, ಸೆಕೆಂಡಿಗೆ ನೂರು ಲೀಟರ್. ಮಣ್ಣು ಗಂಟೆಗೊಂದು ಥರ ಬರತ್ತೆ. ಹದ ಹೆಚ್ಚಾದ್ರೂ ಕಷ್ಟ, ಕಮ್ಮಿಯಾದ್ರೂ ಕಷ್ಟ. ನಾನು ಅದನ್ನ ಕೊನೇ ಉಪಾಯವಾಗಿ ಇಟ್ಕೋತೀನಿ.”

“ಮೊದಲನೇ ಉಪಾಯ ಯಾವುದು?”

“ನೀರನ್ನ ಕೊಳೆ ಮಾಡದೇ ಇರೋದು.”

ಆಕೆ ಕಣಿವೆಯ ಆಚೆ ಅಂಚಿಗೆ ಕೈ ತೋರಿದಳು. ಹಳ್ಳವನ್ನು ಅಲ್ಲಿ ಬಳಸುಗಾಲುವೆಯೊಂದಕ್ಕೆ ತಿರುಗಿಸಿದ್ದರು. ಮೇಲಿನ ತಿಳಿನೀರು ಅಗೆದ ಗುಂಡಿಯ ಹತ್ತಿರ ಸುಳಿಯದೆ ಹಾಗೇ ಕೆಳಗೆ ಹೋಗುತ್ತದೆ. ಬೆಟ್ಟದ ಇಳಿಜಾರಿನ ಮಳೆನೀರಿಗೂ ಬೇರೆ ಚರಂಡಿ. ಇವು ಇಲ್ಲದಿದ್ದರೆ ಒಂದು ಜೋರು ಮಳೆಗೆ ಕೊಳದ ಹರಿವು ಎರಡು ಮೂರು ಪಟ್ಟಾಗಿ ಎಲ್ಲ ಲೆಕ್ಕವೂ ಕೊಚ್ಚಿಹೋಗುತ್ತದೆ.

ಇನ್ನು ತೊಳೆದ ನೀರು. ಅದನ್ನು ಕೊನೆಯ ಕೊಳದಿಂದ ಪಂಪು ಮಾಡಿ ಮತ್ತೆ ಯಂತ್ರಕ್ಕೇ ಕೊಡುತ್ತಾರೆ. ನೂರು ಲೀಟರಿನಲ್ಲಿ ತೊಂಬತ್ತು ತಿರುಗಿ ಬಂದರೆ ಹಳ್ಳಕ್ಕೆ ಹೋಗುವುದು ಹತ್ತೇ ಲೀಟರ್. ಆ ಹತ್ತು ಲೀಟರಿಗೆ ಬೇರೆಯದೇ ಒಂದು ಶಾಂತವಾದ ಕೊಳವಿಟ್ಟರೆ 2 ಮೈಕ್ರಾನಿನ ಕಣಕ್ಕೂ ಒಂಬತ್ತು ಎಕರೆಯ ಬದಲು ಎಕರೆಗಿಂತ ಕಡಿಮೆ ಜಾಗ ಸಾಕು. 1988ರ ಅಮೆರಿಕದ ನಿಯಮದ ತಿರುಳೂ ಇದೇ: ಮಳೆ, ಒಸರು, ಗುಂಡಿಯಿಂದ ಹೆಚ್ಚುವರಿಯಾಗಿ ಬಂದ ನೀರಿನಷ್ಟನ್ನು ಮಾತ್ರ ಹೊರಬಿಡು, ಉಳಿದದ್ದನ್ನು ತಿರುಗಿಸಿ ಬಳಸು.

“ಗಣಿಯವರು ಒಪ್ತಾರಾ? ಡೀಸೆಲ್ ಖರ್ಚು.”

“ಇಲ್ಲಿ ನೀರೇ ಕಮ್ಮಿ ದೊಡ್ಡಪ್ಪ, ಅದು ಅವರಿಗೂ ಗೊತ್ತು. ಡಾಸನ್‌ನಲ್ಲಿ ವರ್ಷಕ್ಕೆ 300 ಮಿಲಿಮೀಟರಿಗಿಂತ ತುಸು ಹೆಚ್ಚು, ಹಿಮ ಸೇರಿ. ನಮ್ಮ ಬಯಲುಸೀಮೆಗಿಂತ ಕಡಿಮೆ.”

ಅದು ನಿಜ. 1909ರಲ್ಲಿ ಮುಗಿದ ಯೂಕಾನ್ ಡಿಚ್ ಎಂಬ ನಾಲೆ ದೂರದ ಬೆಟ್ಟಗಳಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ ನೀರು ಹೊತ್ತು ತರುತ್ತಿತ್ತು, ಜಲ್ಲಿ ತೊಳೆಯಲೆಂದೇ. ಅಷ್ಟು ಕಷ್ಟದಿಂದ ತಂದ ನೀರನ್ನು ಒಮ್ಮೆ ಬಳಸಿ ರಾಡಿಯಾಗಿ ಹೊಳೆಗೆ ಚೆಲ್ಲುತ್ತಿದ್ದರು.

ತಿರುಗಿಸುವುದಕ್ಕೂ ಮಿತಿಯುಂಟು. ಅದೇ ನೀರು ಸುತ್ತುತ್ತ ಜೇಡಿ ಸೇರಿ ಗಂಜಿಯಂತಾದರೆ ತೊಟ್ಟಿಯಲ್ಲಿ ಪುಡಿಚಿನ್ನ ಇಳಿಯುವುದು ತಡವಾಗಿ ಕಲ್ಲಿನ ಜೊತೆ ಕೊಚ್ಚಿಹೋಗುತ್ತದೆ; ಪಂಪಿನ ಒಳಭಾಗ ಬೇಗ ಸವೆಯುತ್ತದೆ. ಹೀಗಾಗಿ ಕೊಳ ಚೆನ್ನಾಗಿದ್ದರೆ ಲಾಭ ಗಣಿಯವನಿಗೂ ಇದೆ. ಪಂಪಿನ ಬಾಯಿಯನ್ನು ತಳದಲ್ಲಿಡದೆ ತೇಲುವ ತೆಪ್ಪಕ್ಕೆ ಕಟ್ಟಿ, ಮೇಲ್ಪದರದ ನೀರನ್ನೇ ಎಳೆಯುವುದು ಈ ಕಾರಣಕ್ಕೆ.

ಏರಿಯ ಮೇಲೆ ನಡೆಯುವಾಗ ಹಿರಿಯರು ಕಾಲಿನಿಂದ ಮಣ್ಣು ಒತ್ತಿ ನೋಡಿದರು. ಕೆರೆಯ ಊರಿನಲ್ಲಿ ಬೆಳೆದವರಿಗೆ ಏರಿ ಕಂಡರೆ ಕೈ ಸುಮ್ಮನಿರದು.

“ಮಣ್ಣು ಗಟ್ಟಿಯಿದೆ. ಎಲ್ಲಿಂದ ತಂದ್ರು?”

“ಬಿಸಿಲಿಗೆ ಕರಗಿ ಒಣಗಿದ್ದು. ಇಲ್ಲಿಯ ದೊಡ್ಡ ತಲೆನೋವೇ ಹೆಪ್ಪುಗಟ್ಟಿದ ಮಣ್ಣು. ಜಲ್ಲಿಯ ಮೇಲೆ ಕಪ್ಪು ಮಣ್ಣಿನ ಪದರ ಇದ್ಯಲ್ಲ, ಅದರ ತುಂಬ ಮಂಜುಗಡ್ಡೆ. ಸಾವಿರಾರು ವರ್ಷದಿಂದ ಹೆಪ್ಪುಗಟ್ಟಿರೋದು. ಹೆಪ್ಪುಗಟ್ಟಿದ ಹೆಂಟೆ ತಂದು ಏರಿ ಹಾಕಿದ್ರೆ ಆ ದಿನ ಕಲ್ಲಿನ ಹಾಗೆ ಇರತ್ತೆ. ಜುಲೈನಲ್ಲಿ ಕರಗಿ ಕುಸಿಯತ್ತೆ. ಏರಿ ಕೆಳಗಿನ ನೆಲಾನೂ ಹಾಗೇ, ನೀರು ನಿಂತ ಬಿಸಿಗೆ ಕರಗ್ತಾ ಹೋಗತ್ತೆ.”

“ಕೋಡಿ ಏರಿಯ ಮೇಲಿಲ್ಲ, ಪಕ್ಕದ ಹಳೇ ನೆಲದಲ್ಲಿ ಕಡಿದಿದ್ದಾರೆ. ಒಳ್ಳೇದಾಯ್ತು.”

“ದಪ್ಪ ಕಲ್ಲು ಹಾಸ್ಸಿದೀನಿ. ಏರಿಯ ನೆತ್ತಿಗೂ ನೀರಿಗೂ ಮಧ್ಯ ಒಂದು ಮೀಟರಾದ್ರೂ ಬಿಡಿ ಅಂತ ಹಟ ಹಿಡಿದಿದ್ದೆ.”

ಊರಿನ ಕೆರೆಗೆ ನೀರಗಂಟಿ ಇದ್ದಂತೆ ಇಂಥ ಕೊಳಕ್ಕೂ ದಿನಾ ನೋಡುವ ಒಬ್ಬ ಬೇಕೆಂದು ಹಿರಿಯರು ಹೇಳಿದ ಮಾತು ಆಕೆಗೆ ಹಿಡಿಸಿತು. ಒಸರುವ ನೀರು ತಿಳಿಯಾಗಿದ್ದರೆ ಅಷ್ಟೇನೂ ಭಯವಿಲ್ಲ, ಮಣ್ಣು ಹೊತ್ತು ಬರುತ್ತಿದ್ದರೆ ಏರಿಯ ಒಳಗೆ ಸುರಂಗ ಕೊರೆಯುತ್ತಿದೆ ಎಂದರ್ಥ. ಇದು ಅಳತೆಯ ಉಪಕರಣಕ್ಕಿಂತ ಮೊದಲು ನಡೆದಾಡುವ ಮನುಷ್ಯನ ಕಣ್ಣಿಗೆ ಸಿಕ್ಕುತ್ತದೆ. ಕಾಗದದಲ್ಲಿ ಎಷ್ಟೇ ಚೆನ್ನಾಗಿ ಬರೆದ ಲೈಸೆನ್ಸೂ ಆ ನಡಿಗೆಯ ಬದಲಿಗೆ ನಿಲ್ಲಲಾರದು.

“ಗಣಿ ಮುಗಿದ ಮೇಲೆ? ನಮ್ಮ ಊರಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಅರೆದ ಮಣ್ಣು ಗುಡ್ಡಗಳಾಗಿ ಬಿದ್ದಿದೆ. ಗಾಳಿ ಬೀಸಿದ್ರೆ ಧೂಳು ಮನೆಯೊಳಗೆ. ಗಣಿ ಮುಚ್ಚಿ ಇಷ್ಟು ವರ್ಷ ಆಯ್ತು.”

ಆಕೆ ಕೂಡಲೇ ಉತ್ತರಿಸಲಿಲ್ಲ. ಇಲ್ಲಿಯೂ ಹಳೆಯ ಗಾಯಗಳಿವೆ. ಡಾಸನ್‌ಗೆ ಬರುವ ದಾರಿಯ ಇಕ್ಕೆಲದಲ್ಲಿ ನೀರಲ್ಲಿ ತೇಲುತ್ತ ಜಲ್ಲಿ ಅಗೆಯುವ ಡ್ರೆಜ್ ಯಂತ್ರಗಳು ಬಿಟ್ಟುಹೋದ ಜಲ್ಲಿಯ ದಿಬ್ಬಗಳು ಉದ್ದಕ್ಕೂ ಸುರುಳಿ ಸುತ್ತಿ ಬಿದ್ದಿವೆ. 1912ರಲ್ಲಿ ಕಟ್ಟಿದ ನಾಲ್ಕನೇ ನಂಬರಿನ ಡ್ರೆಜ್ 1959ರವರೆಗೂ ಅಗೆಯಿತು. ಯಂತ್ರ ಈಗ ರಾಷ್ಟ್ರೀಯ ಸ್ಮಾರಕ; ದಿಬ್ಬಗಳಲ್ಲಿ ಮಾತ್ರ ಜಲ್ಲಿಯ ಮೇಲೆ ಮಣ್ಣಿಲ್ಲದ್ದರಿಂದ ಎಷ್ಟೋ ಕಡೆ ಗಿಡ ಹತ್ತಲು ಒದ್ದಾಡುತ್ತಿದೆ. ತೆಗೆದ ಮೇಲ್ಮಣ್ಣನ್ನು ಪಕ್ಕಕ್ಕೆ ಕೂಡಿಟ್ಟು ಮತ್ತೆ ಹೊದಿಸಬೇಕೆಂಬ ಈಗಿನ ನಿಯಮಕ್ಕೆ ಆ ದಿಬ್ಬಗಳೇ ಸಾಕ್ಷಿ. ಈಗ ಒಂದು ಗುಂಡಿ ಮುಗಿದರೆ ಅದನ್ನೇ ಮುಂದಿನ ಗುಂಡಿಯ ಕೊಳವಾಗಿ ಬಳಸುತ್ತಾರೆ, ಹೂಳು ತುಂಬಿದ ಮೇಲೆ ಸಮಮಾಡಿ ಕಪ್ಪು ಮಣ್ಣು ಹರಡುತ್ತಾರೆ. ಆ ಮಣ್ಣಿನಲ್ಲೇ ಬೀಜ, ಬೇರು ಇರುವುದರಿಂದ ವಿಲ್ಲೋ ಪೊದೆ ತಾನಾಗಿ ಏಳುತ್ತದೆ.

“ಈ ಕೊಳಾನೂ ಮುಚ್ತೀರಾ?”

“ಅದೇ ಈಗಿನ ವಾದ. ಗಣಿಯವರು ಕೊಳ ಹಾಗೇ ಇರ್ಲಿ, ಬಾತುಕೋಳಿ ಬರ್ತವೆ ಅಂತಾರೆ. ಬರ್ತವೆ, ನಿಜ. ಆದ್ರೆ ನೋಡೋರಿಲ್ಲದ ಏರಿ ಬಿಟ್ಟು ಹೋಗೋದು ನನಗೆ ಒಪ್ಪಿಗೆ ಇಲ್ಲ. ಮೇ ತಿಂಗಳಲ್ಲಿ ಹಿಮ ಕರಗಿ ಹಳ್ಳ ತುಂಬಿದಾಗ ಏರಿ ಒಡೆದ್ರೆ, ವರ್ಷಗಟ್ಟಲೆ ಹಿಡಿದಿಟ್ಟ ಹೂಳೆಲ್ಲ ಒಂದೇ ದಿನದಲ್ಲಿ ಕೆಳಗಿಳಿಯತ್ತೆ.”

“ಹಾಗಾದ್ರೆ ಏರಿ ತಗ್ಗಿಸಿ. ಕೋಡಿ ಇನ್ನೂ ಅಗಲ ಮಾಡಿ, ಕೆಳಗಿನ ತನಕ ಕಲ್ಲು ಹಾಸಿ. ನೀರು ಕಮ್ಮಿ ನಿಲ್ಲತ್ತೆ, ಬಾತುಕೋಳಿಗೂ ಸಾಕು.”

“ಎಷ್ಟು ತಗ್ಗಿಸೋದು ಅನ್ನೋದೇ ಲೆಕ್ಕ. ಹೂಳಿನ ಮೇಲೆ ಹೊಳೆ ಹರೀಬಾರದು. ಹಳ್ಳದ ಪಾತ್ರ ಆ ಪಕ್ಕದಲ್ಲೇ ಇರ್ಬೇಕು, ಪ್ರವಾಹ ಬಂದ್ರೂ ಕೊಳದ ಒಳಗೆ ನುಗ್ಗಬಾರದು.”

ಆಕೆ ನಕ್ಷೆಯನ್ನು ಏರಿಯ ಮೇಲೆ ಹರಡಿ ನಾಲ್ಕು ಮೂಲೆಗೂ ಕಲ್ಲಿಟ್ಟಳು. ಹಿರಿಯರು ಕನ್ನಡಕ ಹಾಕಿಕೊಂಡು ಹಳ್ಳದ ಗೆರೆಯ ಮೇಲೆ ಬೆರಳಿಟ್ಟು, ಪ್ರವಾಹದ ಮಟ್ಟ ಎಲ್ಲಿಯವರೆಗೆ ಬಂದಿತ್ತೆಂದು ಕೇಳಿದರು. ಹೋದ ವರ್ಷದ ಕಸಕಡ್ಡಿ ಸಿಕ್ಕಿಕೊಂಡಿದ್ದ ವಿಲ್ಲೋ ಪೊದೆಯನ್ನು ಆಕೆ ತೋರಿಸಿದಳು. ಅಲ್ಲಿಂದ ಅರ್ಧ ಮೀಟರ್ ಮೇಲಕ್ಕೆ ಗುರುತು ಹಾಕಿ ಅಲ್ಲಿಂದ ಲೆಕ್ಕ ಶುರುಮಾಡೋಣ ಎಂದರು ಅವರು. ಒಂದು ಮೀಟರಾದರೂ ಇಟ್ಟುಕೊಳ್ಳೋಣ, ಈಚಿನ ವರ್ಷಗಳ ಹಿಮ ಒಂದೇ ಥರ ಇಲ್ಲ ಎಂದಳು ಆಕೆ.